ಅವರಿಗೆ ಕ್ರಿಕೆಟ್, ನಮಗೆ ಮಾತು: ದಂಪತಿಗಳಿಗೆ ಒತ್ತಡ ನಿಭಾಯಿಸಲು ಕಲಿಸುವ ಒಂದು ಶಿಬಿರಕ್ಕೆ ಹೋಗಿ ಬಂದ ಮೇಲೆ

ಊಟಕ್ಕೆ ಐದಕ್ಕೆ ಐದು. ಜಾಗಕ್ಕೆ ನಾಲ್ಕು. ಶಿಬಿರಕ್ಕೆ ಎರಡು, ಅದೂ ಮಧ್ಯಾಹ್ನದ ಉಸಿರಾಟದ ಕ್ಲಾಸ್ ಚೆನ್ನಾಗಿತ್ತು ಅನ್ನುವ ಕಾರಣಕ್ಕೆ.

ಜೋಡಿಗೆ ಆರು ಸಾವಿರ ರೂಪಾಯಿ. ಭಾನುವಾರ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆ ಮೇಲಿನ ಒಂದು ರೆಸಾರ್ಟಿನಲ್ಲಿ. ತಿಂಡಿ, ಊಟ, ಎರಡು ಸಲ ಕಾಫಿ, ಕೊನೆಗೆ ಒಂದು ಸರ್ಟಿಫಿಕೇಟ್. ಸರ್ಟಿಫಿಕೇಟ್ ಯಾಕೆ ಅಂತ ಈಗಲೂ ಅರ್ಥವಾಗಿಲ್ಲ, ಒತ್ತಡ ನಿಭಾಯಿಸುವುದರಲ್ಲಿ ಪಾಸಾದೆವು ಅಂತ ಗೋಡೆಗೆ ನೇತುಹಾಕಬೇಕೇನೋ.

ನಡೆಸುವವರ ಹೆಸರು ಬರೆಯುತ್ತಿಲ್ಲ. ಹೇಳಬೇಕಾದ್ದನ್ನು ಅವರಿಗೇ ಮೇಲ್ ಮಾಡಿದ್ದೇನೆ. ಆದರೆ ಬೆಂಗಳೂರು ಮೈಸೂರು ನಡುವೆ ಈಗ ಇಂಥ ಶಿಬಿರಗಳು ಬೇಕಾದಷ್ಟಿವೆ, ಕೆಲವು ಆಫೀಸಿನವರು ತಾವೇ ದುಡ್ಡು ಕಟ್ಟಿ ಕಳಿಸುವುದೂ ಉಂಟು, ನಾನು ನೋಡಿದ ಜಾಹೀರಾತುಗಳಲ್ಲಂತೂ ಹೆಚ್ಚುಕಮ್ಮಿ ಒಂದೇ ಸಾಲು: ಗಂಡಸರು ಒತ್ತಡ ನಿಭಾಯಿಸುವ ರೀತಿ ಬೇರೆ, ಹೆಂಗಸರ ರೀತಿ ಬೇರೆ. ಹಾಗಾಗಿ ನೀವು ಯಾವುದಕ್ಕೆ ಹೋಗಲು ಹೊರಟಿದ್ದರೂ ದುಡ್ಡು ಕಟ್ಟುವ ಮುಂಚೆ ಇದನ್ನು ಒಂದು ಸಲ ಓದಿ.

ಶುರುವಿನಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದು ಸ್ಲೈಡ್ ತೋರಿಸಿದರು. ಗಂಡಸಿನ ತಲೆಯ ಚಿತ್ರ, ಒಳಗೆ ಸಾಲಾಗಿ ಜೋಡಿಸಿದ ಡಬ್ಬಿಗಳು. ಪಕ್ಕದಲ್ಲಿ ಹೆಂಗಸಿನ ತಲೆ, ಒಳಗೆ ಗಂಟು ಬಿದ್ದ ನೂಲಿನ ಉಂಡೆ. ಗಂಡಸರು ಜೋರಾಗಿ ನಕ್ಕರು, ನಾವೂ ನಕ್ಕೆವು ಅನ್ನಿ. ಆಮೇಲೆ ತರಬೇತುದಾರ ಮೇಡಂ ಹೇಳಿದ್ದು ಇಷ್ಟು: ಒತ್ತಡ ಬಂದಾಗ ಗಂಡಸಿನ ಮೈ "ಹೊಡೆದಾಡು ಇಲ್ಲವೇ ಓಡು" ಅನ್ನುತ್ತದೆ, ಹೆಂಗಸಿನ ಮೈ "ಆರೈಕೆ ಮಾಡು, ಜೊತೆ ಸೇರು" ಅನ್ನುತ್ತದೆ, ಇದು ಅಮೆರಿಕದಲ್ಲಿ ಪ್ರೂವ್ ಆಗಿದೆ. ಅದಕ್ಕೇ ಗಂಡಸರು ಮೈದಾನಕ್ಕೆ, ಹೆಂಗಸರು ಹಾಲ್‌ಗೆ. ಮಧ್ಯಾಹ್ನ ಊಟಕ್ಕೆ ಸಿಗೋಣ.

ಪ್ರೂವ್ ಆಗಿದೆ ಅನ್ನೋದು ಸ್ವಲ್ಪ ಜಾಸ್ತಿಯಾಯಿತು. ಮಾತು ಬಂದಿರುವುದು ಶೆಲ್ಲಿ ಟೇಲರ್ ಅನ್ನುವ ಮನಶ್ಶಾಸ್ತ್ರಜ್ಞೆಯಿಂದ. ಕ್ಯಾಲಿಫೋರ್ನಿಯಾದವರು, 2000ದಲ್ಲಿ ಇನ್ನೂ ಐದು ಜನರ ಜೊತೆ ಬರೆದ ಲೇಖನದಲ್ಲಿ ಇದನ್ನು ಮುಂದಿಟ್ಟರು. ಅವರ ತಕರಾರು ಬಹಳ ನ್ಯಾಯವಾದದ್ದು. ಒತ್ತಡದಲ್ಲಿ ಮೈಯೊಳಗೆ ಏನಾಗುತ್ತದೆ ಅಂತ ಲ್ಯಾಬ್‌ನಲ್ಲಿ ನಡೆದ ಅಧ್ಯಯನಗಳಲ್ಲಿ 1995ರವರೆಗೆ ಹೆಂಗಸರು ಇದ್ದದ್ದು ಸುಮಾರು ಶೇ 17 ಮಾತ್ರ, ಮಿಕ್ಕವರೆಲ್ಲ ಗಂಡಸರು, ಆದರೆ ಫಲಿತಾಂಶ ಮಾತ್ರ "ಮನುಷ್ಯ ಹೀಗೆ" ಅಂತ! ಹಾಗಾಗಿ ಅವರು ಕೇಳಿದ್ದು, ಕೈಯಲ್ಲಿ ಮಗು ಇರುವವಳು ಎಲ್ಲಿಗೆ ಓಡುತ್ತಾಳೆ, ಯಾರ ಜೊತೆ ಹೊಡೆದಾಡುತ್ತಾಳೆ? ಮಗುವನ್ನು ಕಾಪಾಡಿಕೊಂಡು ಹತ್ತಿರದವರ ಜೊತೆ ಸೇರಿಕೊಳ್ಳುವುದೇ ಅವಳಿಗೆ ದಾರಿ ಆಗಿರಬಹುದಲ್ಲವಾ? ಆಗಿರಬಹುದು. ಗಂಡಸು ಜೊತೆ ಸೇರುವುದಿಲ್ಲ ಅಂತ ಅವರು ಹೇಳಲಿಲ್ಲ. 2012ರಲ್ಲಿ ಜರ್ಮನಿಯ ಫ್ರೈಬರ್ಗಿನವರು ಬರೀ ಗಂಡಸರನ್ನೇ ಕೂರಿಸಿ, ಎಲ್ಲರ ಮುಂದೆ ಭಾಷಣ ಮಾಡಿಸಿ, ಬಾಯಲ್ಲೇ ಲೆಕ್ಕ ಮಾಡಿಸಿ ಬೆವರಿಳಿಸಿ, ಆಮೇಲೆ ದುಡ್ಡಿನ ಆಟ ಆಡಿಸಿದರು. ಒತ್ತಡ ಅನುಭವಿಸಿದವರು ಎದುರಿನವರನ್ನು ಜಾಸ್ತಿ ನಂಬಿದರು, ಜಾಸ್ತಿ ಹಂಚಿಕೊಂಡರು. ಅಂದರೆ ಗಂಡಸಿಗೂ ಜನ ಬೇಕು. ಈ ಭಾಗ ಸ್ಲೈಡಿನಲ್ಲಿ ಇರಲಿಲ್ಲ.

ಈಗ ನಮ್ಮ ಹಾಲ್‌ಗೆ ಬರುತ್ತೇನೆ. ಜಮಖಾನ ಹಾಸಿದ್ದರು, ದಿಂಬುಗಳಿದ್ದವು, ಮೂಲೆಯಲ್ಲಿ ಲ್ಯಾವೆಂಡರ್ ಊದುಬತ್ತಿ. ಸುತ್ತ ಕೂತು ಒಬ್ಬೊಬ್ಬರೂ ತಮ್ಮ ಒತ್ತಡ ಏನು ಅಂತ ಹೇಳಬೇಕು, ಯಾರೂ ಮಧ್ಯೆ ಬಾಯಿ ಹಾಕಬಾರದು, ಮಾತಾಡುವವರ ಕೈಯಲ್ಲಿ ಟಿಶ್ಯೂ ಡಬ್ಬಿ ಇರಬೇಕು. ನಿಮ್ಮ ಸರದಿ ಬಂತು ಅನ್ನುವುದಕ್ಕೆ ಅದೇ ಗುರುತು. ಡಬ್ಬಿ ಕೈಗೆ ಬಂದ ಮೇಲೆ ಅಳದೆ ಮುಂದಕ್ಕೆ ಕೊಟ್ಟರೆ ಏನೋ ಬಾಕಿ ಉಳಿಸಿಕೊಂಡ ಹಾಗೆ ಎಲ್ಲರೂ ನೋಡುತ್ತಿದ್ದರು. ಮೊದಲು ಮಾತಾಡಿದವರು ಮಗನ ಟ್ಯೂಷನ್ ಬಗ್ಗೆ ಹೇಳಿದರು, ಎರಡನೆಯವರು ಹಾಸಿಗೆ ಹಿಡಿದ ಅತ್ತೆ ಬಗ್ಗೆ, ಮೂರನೆಯವರು "ನಿಮ್ಮದಾದ್ರೂ ಪರವಾಗಿಲ್ಲ ಕಣ್ರೀ" ಅಂತ ಶುರು ಮಾಡಿದರು. ಅಲ್ಲಿಂದ ಒಬ್ಬರಿಗಿಂತ ಒಬ್ಬರ ಕಷ್ಟ ದೊಡ್ಡದಾಗುತ್ತಾ ಹೋಯಿತು. ಅತ್ತೆಯವರ ವಿಷಯ ಹೇಳಿದ್ದವರು ಕೊನೆಗೆ ತಡೆಯಲಾರದೆ ಕೇಳೇಬಿಟ್ಟರು, "ಸರಿ ಮೇಡಂ, ನಾಳೆ ಬೆಳಗ್ಗೆ ಎದ್ದು ನಾನು ಏನು ಮಾಡಲಿ?" ಅದಕ್ಕೆ ಬಂದ ಉತ್ತರ: "ಮೊದಲು ಎಲ್ಲ ಹೊರಗೆ ಹಾಕಿ, ಉತ್ತರ ತಾನಾಗೇ ಬರುತ್ತೆ."

ಬರಲಿಲ್ಲ. ಅವರಿಗೆ ಬೇಕಿದ್ದದ್ದು ದಿನಕ್ಕೆ ನಾಲ್ಕು ಗಂಟೆ ಬಂದು ನೋಡಿಕೊಳ್ಳುವ ಒಬ್ಬ ನರ್ಸಮ್ಮ ಎಲ್ಲಿ ಸಿಗುತ್ತಾರೆ, ನಾದಿನಿಯ ಹತ್ತಿರ ಖರ್ಚು ಹಂಚಿಕೊಳ್ಳುವ ಮಾತು ಹೇಗೆ ಎತ್ತುವುದು ಅನ್ನುವಂಥ ಮಾಹಿತಿ. ಅದನ್ನು ಆಮೇಲೆ ಕೈ ತೊಳೆಯುವ ಜಾಗದಲ್ಲಿ ಇನ್ನೊಬ್ಬರು ಐದು ನಿಮಿಷದಲ್ಲಿ ಹೇಳಿಕೊಟ್ಟರು, ಒಂದು ಫೋನ್ ನಂಬರ್ ಸಮೇತ.

ಮಾತಾಡಿದರೆ ಹಗುರ ಆಗುತ್ತದೆ ಅನ್ನುವುದು ನಿಜ. ಆದರೆ ಒಂದೇ ಮಾತನ್ನು ಮತ್ತೆ ಮತ್ತೆ ಆಡಿದರೆ? ಅಮಾಂಡಾ ರೋಸ್ ಅನ್ನುವ ಸಂಶೋಧಕಿ ಇದನ್ನೇ ಶಾಲಾ ಮಕ್ಕಳಲ್ಲಿ ನೋಡಿದರು. ಗೆಳತಿಯರು ಕೂತು ಒಂದೇ ಸಮಸ್ಯೆಯನ್ನು ತಿರುಗಿಸಿ ಮುರುಗಿಸಿ ಮಾತಾಡುತ್ತಾ ಹೋದರೆ ಗೆಳೆತನ ಗಟ್ಟಿಯಾಗುತ್ತದೆ, ಅದರ ಜೊತೆಗೇ ಆ ಹುಡುಗಿಯರಲ್ಲಿ ಖಿನ್ನತೆ, ಆತಂಕದ ಲಕ್ಷಣಗಳೂ ಹೆಚ್ಚುತ್ತವೆ. ಇದು 2007ರ ಅಧ್ಯಯನ. ಹುಡುಗರಲ್ಲಿ ಇಂಥ ಮಾತಿನಿಂದ ಗೆಳೆತನ ಗಟ್ಟಿಯಾಯಿತು, ಖಿನ್ನತೆ ಆತಂಕ ಹೆಚ್ಚಿದ್ದು ಕಾಣಲಿಲ್ಲ! ಇದನ್ನು ಓದಿದಾಗಿನಿಂದ ನನಗೆ ಒಂದೇ ಯೋಚನೆ, ಹಾಲ್ ಒಳಗೆ ಕೂರಿಸಬೇಕಾಗಿದ್ದದ್ದು ಗಂಡಸರನ್ನಲ್ಲವಾ?

ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ಯಾರೋ ಸಿಕ್ಸ್ ಹೊಡೆದರೆ ಕೇಕೆ ಕೇಳಿಸುತ್ತಿತ್ತು. ನನ್ನ ಪಕ್ಕ ಕೂತಿದ್ದವರು ಕಾಲೇಜಿನಲ್ಲಿ ಥ್ರೋಬಾಲ್ ಆಡುತ್ತಿದ್ದವರಂತೆ, ಯೂನಿವರ್ಸಿಟಿ ಮಟ್ಟದವರೆಗೂ ಹೋಗಿದ್ದರಂತೆ. ಡಬ್ಬಿ ಅವರ ಕೈಗೆ ಬಂದಾಗ ಒಂದೇ ವಾಕ್ಯ ಹೇಳಿದರು: "ಮದುವೆ ಆದ್ಮೇಲೆ ನಾನು ಓಡೇ ಇಲ್ಲ, ಬಸ್ಸು ಹಿಡಿಯೋಕೆ ಬಿಟ್ಟರೆ." ಎಲ್ಲರೂ ನಕ್ಕರು. ಆ ಹಾಲ್‌ನಲ್ಲಿ ಎರಡು ಗಂಟೆ ಕೇಳಿದ ಮಾತಿನಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಅದೊಂದೇ. ಮೇಡಂ ಅದನ್ನು ಕೇಳಿಸಿಕೊಳ್ಳಲಿಲ್ಲ, ಅಷ್ಟರಲ್ಲಿ ಡಬ್ಬಿ ಮುಂದೆ ಹೋಗಿತ್ತು.

ಗಂಡಸರ ಕಡೆ ಏನಾಯಿತು ಅಂತ ತಿಳಿದುಕೊಳ್ಳುವುದು ಸುಲಭ ಇರಲಿಲ್ಲ. ಊಟದ ಹೊತ್ತಿಗೆ ಕೇಳಿದೆ.

"ರೀ, ಏನ್ ಮಾಡಿಸಿದ್ರು?"

"ಕ್ರಿಕೆಟ್."

"ಆಮೇಲೆ?"

"ಬೋರ್ಡ್ ಮೇಲೆ ಏನೋ ಬರೆಸಿದ್ರು. ಸಮಸ್ಯೆ, ಕಾರಣ, ಪರಿಹಾರ ಅಂತ."

"ನೀವೇನ್ ಬರೆದ್ರಿ?"

"ಟ್ರಾಫಿಕ್."

ಪೂರ್ತಿ ಕಥೆ ಬಂದದ್ದು ವಾಪಸ್ ಬರುವಾಗ, ಮದ್ದೂರಿನಲ್ಲಿ ವಡೆ ತಿಂದು ಮತ್ತೆ ಕಾರು ಹತ್ತಿದ ಮೇಲೆ. ಆಟದ ಮಧ್ಯೆ ನೀರು ಕುಡಿಯಲು ಕೂತಾಗ ಒಬ್ಬರು ಮನೆಯಲ್ಲಿ ಯಾರಿಗೂ ಹೇಳದ ಒಂದು ವಿಷಯ ಬಾಯಿಬಿಟ್ಟರಂತೆ. ವಿಷಯ ಏನು ಅಂತ ಇಲ್ಲಿ ಬರೆಯುವುದಿಲ್ಲ, ಅದು ಸರಿಯಲ್ಲ, ಸಣ್ಣದಂತೂ ಅಲ್ಲ. ಒಂದು ನಿಮಿಷ ಎಲ್ಲರೂ ಸುಮ್ಮನಾದರಂತೆ. ಆಮೇಲೆ ಅಲ್ಲಿದ್ದ ತರಬೇತುದಾರರು ಅವರ ಬೆನ್ನು ತಟ್ಟಿ, "ಆಗುತ್ತೆ ಸರ್, ಮುಂದಿನ ಓವರ್ ನಿಮ್ಮದೇ" ಅಂತ ಚೆಂಡು ಕೈಗೆ ಕೊಟ್ಟರಂತೆ. ಅಲ್ಲಿಗೆ ಮುಗಿಯಿತು. ನಮ್ಮ ಯಜಮಾನರು ಹೊರಡುವ ಮುಂಚೆ ಅವರ ನಂಬರ್ ಇಸ್ಕೊಂಡು ಬಂದಿದ್ದರು, ಅದೊಂದು ಪುಣ್ಯ.

ನನಗೆ ನಿಜವಾಗಿಯೂ ಕೋಪ ಬಂದದ್ದು ಇಲ್ಲಿ. ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಲೆಕ್ಕವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುತ್ತದೆ. 2022ರ ವರದಿಯಲ್ಲಿ ಒಟ್ಟು 1.70 ಲಕ್ಷಕ್ಕೂ ಜಾಸ್ತಿ ಜನ, ಅದರಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಗಂಡಸರು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕುಡಿತದ ಸಮಸ್ಯೆ ಗಂಡಸರಲ್ಲಿ ಶೇ 9ರಷ್ಟು, ಹೆಂಗಸರಲ್ಲಿ ಶೇ 0.5. ಖಿನ್ನತೆ ಹೆಂಗಸರಲ್ಲಿ ಜಾಸ್ತಿ. ಅಂದರೆ ಯಾರೂ ಆರಾಮಾಗಿಲ್ಲ, ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಹೊರಗೆ ಬರುತ್ತಿದೆ ಅಷ್ಟೇ. ಇಂಥದ್ದರಲ್ಲಿ ಬಾಯಿಬಿಡದವನೊಬ್ಬ ಅಪರೂಪಕ್ಕೆ ಬಾಯಿಬಿಟ್ಟಾಗ ಅವನ ಕೈಗೆ ಚೆಂಡು ಕೊಟ್ಟು ಕಳಿಸುವವರು ಒತ್ತಡದ ಶಿಬಿರ ನಡೆಸಬಾರದು.

ಹಾಗಾದರೆ ವ್ಯತ್ಯಾಸವೇ ಇಲ್ಲವಾ? ಇದೆ. 2002ರಲ್ಲಿ ಮೂವರು ಸಂಶೋಧಕಿಯರು, ಟ್ಯಾಮ್ರೆಸ್, ಜ್ಯಾನಿಕಿ, ಹೆಲ್ಗೆಸನ್, ಅಲ್ಲಿಯವರೆಗಿನ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಹೆಂಗಸರು ಮಾತಿಗೆ ಸಂಬಂಧಿಸಿದ ದಾರಿಗಳನ್ನು ಎದ್ದು ಕಾಣುವಷ್ಟು ಜಾಸ್ತಿ ಬಳಸುತ್ತಾರೆ: ಬೇರೆಯವರ ಹತ್ತಿರ ಹೇಳಿಕೊಳ್ಳುವುದು, ಒಳಗೇ ಮೆಲುಕು ಹಾಕುವುದು, ತಮಗೆ ತಾವೇ ಧೈರ್ಯ ಹೇಳಿಕೊಳ್ಳುವುದು. ಇಷ್ಟು ಮೇಡಂ ಹೇಳಿದ ಹಾಗೇ ಇದೆ. ಆದರೆ ಅದೇ ಅಧ್ಯಯನ ಇನ್ನೊಂದು ಮಾತೂ ಹೇಳುತ್ತದೆ. ಹೆಂಗಸರು ಮಾತು ಒಂದನ್ನೇ ಅಲ್ಲ, ಒತ್ತಡ ನಿಭಾಯಿಸುವ ಹೆಚ್ಚಿನ ಎಲ್ಲ ದಾರಿಗಳನ್ನೂ ಗಂಡಸರಿಗಿಂತ ಜಾಸ್ತಿ ಬಳಸುತ್ತಾರಂತೆ. ಮಿಕ್ಕ ಕೆಲವು ವ್ಯತ್ಯಾಸಗಳು ಎಂಥ ಕಷ್ಟ ಬಂದಿದೆ ಅನ್ನುವುದರ ಮೇಲೆ ನಿಂತಿವೆ. ಕೆಲಸದ ಕಷ್ಟವೋ, ಸಂಬಂಧದ ಕಷ್ಟವೋ, ಮನೆಯಲ್ಲಿ ಯಾರದೋ ಕಾಯಿಲೆಯೋ, ಅದರ ಪ್ರಕಾರ ಗಂಡು ಹೆಣ್ಣಿನ ಅಂತರ ಬದಲಾಗುತ್ತದೆ. ಡಬ್ಬಿ ಮತ್ತು ನೂಲಿನ ಉಂಡೆಗೆ ಇದು ಹೊಂದುವುದಿಲ್ಲ.

ಊಟದ ವಿಷಯಕ್ಕೆ ಬರೋಣ, ಬಾಯಿ ತುಂಬಾ ಹೊಗಳಬಹುದು. ಬಿಸಿ ಮುದ್ದೆ, ಬಸ್ಸಾರು, ಹುರುಳಿಕಾಳು ಪಲ್ಯ, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕೊನೆಗೆ ಮೆತ್ತಗಿನ ಮೈಸೂರ್ ಪಾಕ್. ಬಸ್ಸಾರಿನ ಖಾರ ನನ್ನ ಅಮ್ಮ ಮಾಡುವುದಕ್ಕೆ ಹತ್ತಿರ ಇತ್ತು, ಇದಕ್ಕಿಂತ ದೊಡ್ಡ ಮೆಚ್ಚುಗೆ ನನ್ನ ಹತ್ತಿರ ಇಲ್ಲ. ಅಡುಗೆಯವರಿಗೆ ಬೇರೆಯಾಗಿ ಥ್ಯಾಂಕ್ಸ್ ಹೇಳಿ ಬಂದೆವು.

ಆದರೆ ಸಾಲಿನಲ್ಲಿ ನಿಂತವರನ್ನು ನೋಡಬೇಕಿತ್ತು. ಮೈದಾನದಿಂದ ಬಂದವರು ಮುಖ ತೊಳೆದು ಫ್ಯಾನ್ ಕೆಳಗೆ ಕೂತರು. ಹಾಲ್‌ನಿಂದ ಬಂದವರು, ಈಗಷ್ಟೇ "ನಿಮ್ಮನ್ನು ನೀವು ನೋಡಿಕೊಳ್ಳಿ" ಅಂತ ಪಾಠ ಹೇಳಿಸಿಕೊಂಡವರು, ಎರಡೆರಡು ತಟ್ಟೆ ಹಿಡಿದು ನಿಂತರು. ಮಕ್ಕಳಿಗೆ ಅಂತ ಒಂದು ರೂಮ್ ಇಟ್ಟು ಒಬ್ಬ ಹುಡುಗಿಯನ್ನು ನೇಮಿಸಿದ್ದರು, ಒಳ್ಳೆಯ ವ್ಯವಸ್ಥೆ, ಊಟದ ಹೊತ್ತಿಗೆ ಮಾತ್ರ ಆ ಮಕ್ಕಳೆಲ್ಲ ನೆಟ್ಟಗೆ ಅಮ್ಮಂದಿರ ಹತ್ತಿರವೇ ಬಂದವು. ಒಬ್ಬರು ಎಡಗೈಯಲ್ಲಿ ಮಗುವಿನ ಬಾಯಿ ಒರೆಸುತ್ತಾ ಬಲಗೈಯಲ್ಲಿ ತಮ್ಮ ಮುದ್ದೆ ಮುರಿಯುತ್ತಿದ್ದರು, ಗಂಡ ಎದುರಿಗೇ ಕೂತು ಎಲ್‌ಬಿಡಬ್ಲ್ಯು ಹೌದೋ ಅಲ್ಲವೋ ಅಂತ ವಾದ ಮಾಡುತ್ತಿದ್ದರು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಮಾಡದೇ ಇರುವ ಗಂಡಸರು ಈ ಲೆಕ್ಕದಲ್ಲೇ ಇಲ್ಲ! "ಆರೈಕೆ ಮಾಡು" ಅಂತ ಹೆಂಗಸಿನ ಹಾರ್ಮೋನ್ ಹೇಳುತ್ತದೋ ಇಲ್ಲವೋ, ಎದುರಿಗೆ ಕೂತವರು ಏಳದೇ ಇದ್ದರೆ ಅವಳು ಮಾಡಲೇಬೇಕು.

ಮಧ್ಯಾಹ್ನದ ಉಸಿರಾಟದ ಕ್ಲಾಸ್‌ಗೆ ಎಲ್ಲರನ್ನೂ ಮತ್ತೆ ಒಟ್ಟು ಸೇರಿಸಿದರು. ನಡೆಸಿದವರು ಬೇರೆಯವರು, ಮಾತು ಕಡಿಮೆ. ನಿಮಿಷಕ್ಕೆ ಸುಮಾರು ಆರು ಉಸಿರು, ಒಳಗೆ ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ, ಅಷ್ಟೇ. ಬೆರಳಿಗೆ ಸಿಕ್ಕಿಸುವ ಪಲ್ಸ್ ಮೀಟರ್ ಕೊಟ್ಟಿದ್ದರು. ಹತ್ತು ನಿಮಿಷದಲ್ಲಿ ನನ್ನದು 88ರಿಂದ 74ಕ್ಕೆ ಇಳಿಯಿತು. ಆಗ ನಮ್ಮ ಯಜಮಾನರು ಪಕ್ಕದಿಂದ "ಹಾಗಲ್ಲ, ಹೊಟ್ಟೆಯಿಂದ ಎಳ್ಕೋ" ಅಂದರು. 81!

ಒಬ್ಬರ ಬೆರಳಿನಿಂದ ಏನೂ ಸಾಬೀತಾಗುವುದಿಲ್ಲ ಬಿಡಿ. ಆದರೆ ಮನೆಗೆ ಬಂದು ಓದುವಾಗ 1995ರ ಒಂದು ಜರ್ಮನ್ ಪ್ರಯೋಗ ಸಿಕ್ಕಿತು. ಟ್ರಿಯರ್ ಊರಿನ ಕ್ಲೆಮೆನ್ಸ್ ಕಿರ್ಶ್‌ಬಾಮ್ ಮತ್ತು ಜೊತೆಯವರು ಮಾಡಿದ್ದು. ಭಾಷಣಕ್ಕೆ ತಯಾರಾಗುವಾಗ ಕೆಲವರ ಪಕ್ಕದಲ್ಲಿ ಅವರ ಸಂಗಾತಿಯನ್ನು ಕೂರಿಸಿದರು. ಗೆಳತಿ ಪಕ್ಕದಲ್ಲಿದ್ದ ಗಂಡಸರಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಕಡಿಮೆ ಏರಿತು. ಗೆಳೆಯ ಪಕ್ಕದಲ್ಲಿದ್ದ ಹೆಂಗಸರಲ್ಲಿ ಆ ಪ್ರಯೋಜನ ಕಾಣಲಿಲ್ಲ, ಬದಲಿಗೆ ಸ್ವಲ್ಪ ಜಾಸ್ತಿಯಾಗುವ ಕಡೆಗೇ ಇತ್ತು. ಇದನ್ನು ಯಜಮಾನರಿಗೆ ಜೋರಾಗಿ ಓದಿ ಹೇಳಿದೆ. "ಅದು ಜರ್ಮನಿ" ಅಂದರು.

ಈ ಕ್ಲಾಸ್ ಮಾತ್ರ ಒಂದು ಗಂಟೆಗೆ ಐನೂರು ರೂಪಾಯಿ ಅಂತ ಇಟ್ಟಿದ್ದರೆ ನಾನು ಮತ್ತೆ ಹೋಗುತ್ತಿದ್ದೆ. ಗಂಡಸರಿಗೆ ಬೇರೆ ಉಸಿರು, ಹೆಂಗಸರಿಗೆ ಬೇರೆ ಉಸಿರು ಅನ್ನುವ ತಮಾಷೆ ಇಲ್ಲಿ ಇರಲಿಲ್ಲ.

ನನ್ನ ಒಟ್ಟು ತಕರಾರು ಇಷ್ಟೇ. ಗೆಳೆಯರ ಜೊತೆ ಆಡಲು ಹೋಗುವ, ಹೋಟೆಲಿನ ಮುಂದೆ ನಿಂತು ಅರ್ಧ ಕಾಫಿ ಕುಡಿಯುವ ಬಿಡುವು ಗಂಡಸರಿಗೆ ಮೊದಲೇ ಇದೆ, ಅದನ್ನೇ ಇನ್ನೊಂದು ಸಲ ಕೊಟ್ಟರು. ಫೋನಿನಲ್ಲಿ ಅಕ್ಕನ ಹತ್ತಿರ, ಆಫೀಸಿನಲ್ಲಿ ಗೆಳತಿಯ ಹತ್ತಿರ ಹೇಳಿಕೊಳ್ಳುವುದು ನಮಗೆ ಮೊದಲೇ ಗೊತ್ತು, ಅದನ್ನೇ ಟಿಶ್ಯೂ ಡಬ್ಬಿ ಜೊತೆ ಕೊಟ್ಟರು. ಯಾರಿಗೆ ಏನು ಇಲ್ಲವೋ ಅದನ್ನು ಕೊಡಬೇಕಿತ್ತು. ನಮ್ಮನ್ನು ಮೈದಾನಕ್ಕೆ ಬಿಟ್ಟು, ಬೋರ್ಡ್ ಮೇಲೆ ಸಮಸ್ಯೆ, ಕಾರಣ, ಪರಿಹಾರ ಅಂತ ನಮ್ಮಿಂದ ಬರೆಸಿ, ಅವರನ್ನು ಜಮಖಾನದ ಮೇಲೆ ಕೂರಿಸಿದ್ದರೆ ಆ ನೀರು ಕುಡಿಯುವ ಹೊತ್ತಿನ ಮಾತು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಇದನ್ನೇ ಮೇಲ್‌ನಲ್ಲಿ ಬರೆದಿದ್ದೆ. ಉತ್ತರ ಬಂತು, ಬಹಳ ವಿನಯದಿಂದ: ಮುಂದಿನ ಬ್ಯಾಚಿನಿಂದ ಹೆಂಗಸರಿಗೂ ಆಟ ಇಡುತ್ತಾರಂತೆ, ಬಲೂನ್ ಒಡೆಯುವುದು ಮತ್ತು ಮ್ಯೂಸಿಕಲ್ ಚೇರ್.

ನೀವು ಇಂಥ ಕಡೆ ಹೋಗುವುದಿದ್ದರೆ ಮೊದಲೇ ಫೋನ್ ಮಾಡಿ ಕೇಳಿ: ಗಂಡು ಹೆಣ್ಣನ್ನು ಎಷ್ಟು ಹೊತ್ತು ಬೇರೆ ಮಾಡುತ್ತೀರಿ, ಯಾರಾದರೂ ಗಂಭೀರವಾದದ್ದು ಹೇಳಿಕೊಂಡರೆ ನೋಡಿಕೊಳ್ಳಲು ಓದಿ ಪಾಸಾದ ಮನಶ್ಶಾಸ್ತ್ರಜ್ಞರು ಅಲ್ಲಿ ಇರುತ್ತಾರಾ, ಮಕ್ಕಳ ರೂಮ್ ಊಟದ ಹೊತ್ತಿನಲ್ಲೂ ತೆರೆದಿರುತ್ತದಾ. ಎರಡನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ದುಡ್ಡು ಕಟ್ಟಬೇಡಿ. ಬರೀ ಮಾತಾಡಬೇಕಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ಪುಕ್ಕಟೆ, ದಿನದ ಯಾವ ಹೊತ್ತಿಗೆ ಬೇಕಾದರೂ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಯಜಮಾನರು ಆ ನಂಬರನ್ನು ಮೈದಾನದ ಗೆಳೆಯರಿಗೆ ಕಳಿಸಿದ್ದಾರೆ.

ಇನ್ನು ಇದೇ ರೆಸಾರ್ಟಿಗೆ ಸುಮ್ನೆ ಊಟಕ್ಕೆ ಹೋಗುವವರಿಗೆ: ಪಾರ್ಕಿಂಗ್ ಧಾರಾಳವಾಗಿದೆ, ಬೇಸಿಗೆಯಲ್ಲಿ ಹೊರಗಿನ ಮೇಜುಗಳ ಮೇಲೆ ನೆರಳು ಸಾಲದು, ಮುದ್ದೆ ಎರಡು ಗಂಟೆಯ ಹೊತ್ತಿಗೆ ಖಾಲಿಯಾಗುತ್ತದೆ.